ತಿದ್ದುವ ಮೊದಲು ಫೈಲ್ ಹೆಸರು ಬದಲಿಸಿ

ಎಲ್ಲರಿಗೂ ನಮಸ್ಕಾರ. ವರದಿಯ ಕರಡು ಈಗ ನಾಲ್ಕೈದು ಜನರ ಕೈ ದಾಟುತ್ತಿದೆ. ‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’ ಅಂತ ಹೆಸರಿಟ್ಟರೆ ಯಾವುದು ಕೊನೆಯದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಫೈಲ್ ತೆರೆದ ತಕ್ಷಣ, ಒಂದಕ್ಷರ ಮುಟ್ಟುವ ಮೊದಲೇ, ‘ಸೇವ್ ಆ್ಯಸ್’ ಕೊಟ್ಟು ಹೊಸ ಹೆಸರಿಡಿ. ವಿಂಡೋಸ್‌ನ ವರ್ಡ್‌ನಲ್ಲಿ ಎಫ್12 ಒತ್ತಿದರೆ ಸಾಕು. ತಿದ್ದಿದ ಮೇಲೆ ನೋಡೋಣ ಅಂತ ಬಿಡಬೇಡಿ. ಆಟೋಸೇವ್ ಆನ್ ಇದ್ದರೆ ಅಷ್ಟರಲ್ಲಿ ನಿಮ್ಮ ತಿದ್ದುಪಡಿ ಹಳೆಯ ಫೈಲಿಗೇ ಸೇರಿಬಿಟ್ಟಿರುತ್ತದೆ. ಜಾಸ್ತಿ ತೊಂದರೆ ಆಗುವುದು ಇಲ್ಲೇ.

ಹೆಸರು ಹೀಗಿರಲಿ: ವರದಿ_2025-03-07_02. ಕೊನೆಯ 02 ಅಂದರೆ ಆ ದಿನದ ಎರಡನೇ ಪ್ರತಿ. ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿದ್ದರೆ, ಹೆಸರಿನ ಪ್ರಕಾರ ಜೋಡಿಸಿದಾಗ ಫೈಲ್‌ಗಳು ತಾವೇ ಸಾಲಾಗಿ ನಿಲ್ಲುತ್ತವೆ. ದಿನಾಂಕದ ನಡುವೆ ಓರೆಗೆರೆ (/) ಬೇಡ, ವಿಂಡೋಸ್ ಅದನ್ನು ಒಪ್ಪುವುದಿಲ್ಲ.

ಗೂಗಲ್ ಡಾಕ್ಸ್‌ನಲ್ಲಿ ತಿದ್ದುವವರು ಸುಮ್ನೆ ಬೇರೆ ಪ್ರತಿ ಮಾಡಬೇಡಿ. ‘ಫೈಲ್’ ಮೆನುವಿನ ‘ವರ್ಷನ್ ಹಿಸ್ಟರಿ’ಯಲ್ಲಿ ಆಗಿನ ಪ್ರತಿಗೆ ಒಂದು ಹೆಸರು ಕೊಡಿ. ಬೇಕಾದಾಗ ಅದಕ್ಕೇ ವಾಪಸ್ ಹೋಗಬಹುದು.

ಹಳೆಯ ಪ್ರತಿಗಳನ್ನು ಅಳಿಸಬೇಡಿ, ‘ಹಳೆಯವು’ ಫೋಲ್ಡರ್‌ಗೆ ಹಾಕಿ. ಯಾರೋ ಕಷ್ಟಪಟ್ಟು ಬರೆದ ಪ್ಯಾರಾ ಕಳೆದುಹೋದರೆ ಬೇಜಾರಾಗುತ್ತದೆ, ಅಲ್ವಾ? ತಿದ್ದಲು ಕೂರುವಾಗ ಗುಂಪಿನಲ್ಲಿ ಒಂದು ಸಾಲು ತಿಳಿಸಿ.