ಜಡ್ಡಿಗೆ ಇಳಿಯುವ ಮೊದಲು

ಪ್ರೀತಿಯ ಸಿಂಧು,

ರಜೆಯಲ್ಲಿ ಕತ್ತಲೆಕಾನಿನ ಕಾಡಿನ ಕಡೆ ಮರ ಎಣಿಸುವವರ ಜೊತೆ ಹೋಗುತ್ತೀಯಂತೆ. ನಿನ್ನಪ್ಪ ಫೋನ್ ಮಾಡಿ, "ಅಣ್ಣಾ, ಸಂಬಳ ಇಲ್ಲದ ಕೆಲಸ, ನೀನಾದ್ರೂ ಬುದ್ಧಿ ಹೇಳು" ಅಂದ. ಹೇಳುತ್ತೇನೆ. ಆದರೆ ಅವನಿಗೆ ಬೇಕಾದ ಬುದ್ಧಿ ಅಲ್ಲ. ನೀನು ಹೋಗು.

ರಾಮಪತ್ರೆ ಜಡ್ಡಿಯನ್ನು, ಅಂದರೆ ಜಾಯಿಕಾಯಿಯ ನೆಂಟ ರಾಮಪತ್ರೆ ಮರಗಳು ಬೆಳೆಯುವ ಕಾಡಿನ ಜೌಗು ಜಾಗವನ್ನು, ನೀನು ಚಿಕ್ಕವಳಿದ್ದಾಗ ನೋಡಿದ್ದೆ, ನೆನಪಿದೆಯೋ ಇಲ್ಲವೋ. ಹಗಲಲ್ಲೂ ಮಬ್ಬು, ಕಾಲಡಿ ಕಪ್ಪು ಕೆಸರು. ಬೇರುಗಳು ಕೆಸರಿನಿಂದ ಮೇಲೆದ್ದು, ಮೊಣಕಾಲು ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿದಿರುತ್ತವೆ. ನೀರು ನಿಂತ ಮಣ್ಣಲ್ಲಿ ಗಾಳಿ ಸಿಗದ್ದಕ್ಕೆ ಮರ ಉಸಿರಾಡುವುದೇ ಅದರಿಂದ. ಅವುಗಳ ಮೇಲೆ ಕಾಲಿಡಬೇಡ. ಪಕ್ಕದಲ್ಲೇ ಎರಡೆಲೆಯ ಸಸಿ ಇದ್ದೀತು, ನೋಡಿಕೊಂಡು ನಡೆ.

ಈಗ ನನ್ನ ಕಥೆ ಕೇಳು. ನಾನೂ ಒಂದು ಕಾಲದಲ್ಲಿ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಐದಾರು ವರ್ಷ ಬರೆದಿಟ್ಟಿದ್ದೆ. "ರಾಮಪತ್ರೆ, 14 ಮರ." ಅಷ್ಟೇ. ಆಮೇಲೆ ಸಸ್ಯಶಾಸ್ತ್ರ ಬಲ್ಲವರೊಬ್ಬರು ಬಂದು, "ಎಲೆಯ ಅಡಿ ಬಿಳಿಚಿತ್ತಾ, ತುಕ್ಕಿನ ಬಣ್ಣದ ರೋಮ ಇತ್ತಾ?" ಅಂತ ಕೇಳಿದರು. ನನ್ನ ಬಾಯಿ ಕಟ್ಟಿತು. ಬಿಳಿಚಿದ್ದರೆ ಅದು ಬೇರೆಯೇ ಜಾತಿಯ ಮರ, ಜಿಮ್ನಕ್ರಾಂತೆರಾ ಕನಾರಿಕಾ ಇರಬಹುದು (ಹೆಸರಲ್ಲೇ ನಮ್ಮ ಕೆನರಾ ಇದೆ, ನೋಡು). ರೋಮ ಇದ್ದು ಎಲೆ ಮೊರದಷ್ಟು ದೊಡ್ಡದಿದ್ದರೆ ಮಿರಿಸ್ಟಿಕಾ ಮ್ಯಾಗ್ನಿಫಿಕಾ. ನಾನು ಎಲ್ಲವನ್ನೂ ರಾಮಪತ್ರೆ ಅಂತ ಬರೆದಿದ್ದೆ. ಐದಾರು ವರ್ಷದ ಕೆಲಸ ಯಾರಿಗೂ ಬೇಡವಾಯಿತು.

ಹಾಗಾಗಿ ಹೆಸರಿಗೆ ಅವಸರ ಮಾಡಬೇಡ. ಕಂಡಿದ್ದನ್ನು ಬರಿ. ಎಲೆಯ ಮೇಲೆ, ಕೆಳಗೆ, ಕಾಯಿ, ತೊಗಟೆ, ಬೇರು, ಎಲ್ಲದರ ಫೋಟೋ ತೆಗಿ, ಪಕ್ಕದಲ್ಲಿ ಸ್ಕೇಲ್ ಇಡು. ಕಾಯಿ ಇಲ್ಲದಿದ್ದರೆ "ಕಾಯಿ ಇಲ್ಲ" ಅಂತಲೂ ಬರಿ, ಖಾಲಿ ಬಿಡಬೇಡ. ಖಾಲಿ ಬಿಟ್ಟರೆ ನೋಡಿದಾಗ ಕಾಯಿ ಇರಲಿಲ್ಲವೋ, ನೀನು ನೋಡಲೇ ಇಲ್ಲವೋ ಯಾರಿಗೆ ಗೊತ್ತಾಗಬೇಕು? ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ತೆಗೆಯುತ್ತಾರೆ. ಊರುಗೋಲಿನಂಥ ಬೇರು ಅದಕ್ಕಿಂತ ಮೇಲಕ್ಕೆ ಬಂದಿದ್ದರೆ, ಬೇರು ಮುಗಿದ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದೆ ಅಂತ ಬರೆದಿಡು.

ಗೇರಿನ ಜಾತಿಯ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಕಾಣಸಿಕ್ಕರೂ ಸಿಗಬಹುದು. ನಮ್ಮ ಹಿರಿಯರು ಅದರ ನೆರಳಲ್ಲೇ ಓಡಾಡಿದ್ದರೂ ವಿಜ್ಞಾನದ ಲೆಕ್ಕಕ್ಕೆ ಸೇರಿದ್ದು 2000ದಲ್ಲಿ. ಸೊನೆ ಮೈಗೆ ತಾಗಿಸಿಕೊಳ್ಳಬೇಡ. ಜಾಗವನ್ನು ಸುಮ್ನೆ ಸ್ಟೇಟಸ್ಸಿಗೆ ಹಾಕಬೇಡ. ಇರುವುದೇ ಕೆಲವು ಮರ.

ಬೀಜ ಮನೆಗೆ ತರುವ ಆಸೆಯೂ ಬೇಡ. ನಾನು ಒಮ್ಮೆ ರಾಮಪತ್ರೆ ಬೀಜ ತಂದು ಅಡಿಕೆಯ ಹಾಗೆ ಅಂಗಳದಲ್ಲಿ ಒಣಗಿಸಿದ್ದೆ. ಒಣಗಿದರೆ ಅದು ಸತ್ತ ಹಾಗೆ ಅಂತ ಗೊತ್ತಿರಲಿಲ್ಲ. ಒಂದೂ ಮೊಳೆಯಲಿಲ್ಲ. ಅಲ್ಲೇ ಬಿಟ್ಟಿದ್ದರೆ ಮಂಗಟ್ಟೆ ಹಕ್ಕಿಗಾದರೂ ಆಗುತ್ತಿತ್ತು.

ಈ ಸೀಮೆಯಲ್ಲಿ ಎಷ್ಟೋ ಜಡ್ಡಿಗಳು ಗದ್ದೆ, ತೋಟ ಆಗಿವೆ. ನಮ್ಮ ಕೆಳಗಿನ ತೋಟದಲ್ಲೂ ಬೇಸಿಗೆಗೆ ನೀರು ಬತ್ತುವುದಿಲ್ಲ, ಅಲ್ವಾ? ಅದು ಮೊದಲು ಏನಾಗಿತ್ತು ಅಂತ ನಾನು ಅಪ್ಪನನ್ನು ಕೇಳಲೇ ಇಲ್ಲ.

ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ನಾನೇ ಕಟ್ಟಿಕೊಡುತ್ತೇನೆ. ಹಿಂದಿನ ರಾತ್ರಿ ಇಲ್ಲೇ ಬಂದು ಉಳಿ. ಆ ಲೆಕ್ಕದ ಪುಸ್ತಕ ಇನ್ನೂ ಇದೆ, ಆ 14 ಮರ ಎಲ್ಲಿವೆ ಅಂತ ಮಾತ್ರ ನನಗೆ ಗೊತ್ತು. ಮಂಡಿ ನೋವು ಬಿಟ್ಟರೆ ನಾನೂ ಬರುತ್ತೇನೆ.

ನಿನ್ನ ದೊಡ್ಡಪ್ಪ