ಗ್ರಾಸ್ ಬೇರೆ, ಲಾಭ ಬೇರೆ

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ಸಿನಿಮಾ ಪುಟದಲ್ಲಿ ಒಂದು ದೊಡ್ಡ ವೈಜ್ಞಾನಿಕ ಚಿತ್ರದ ಸುದ್ದಿ ಓದಿದೆ. ಖರ್ಚಿನ ಎರಡು ಪಟ್ಟು ಗಳಿಕೆ, ಹಾಕಿದಷ್ಟೇ ಲಾಭ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಿರಿ. ನನ್ನ ತಮ್ಮನ ಮಗ, ‘ದೊಡ್ಡಪ್ಪ, ರೊಕ್ಕ ಡಬಲ್ ಆತ ನೋಡು’ ಅಂದ. ‘ಆಗಿಲ್ಲೋ ಹುಚ್ಚಾ’ ಅಂದೆ. ನಂಬಲಿಲ್ಲ. ಪೇಪರಿನಲ್ಲೇ ಬಂದ ಮೇಲೆ ನನ್ನ ಮಾತು ಯಾರು ಕೇಳುತ್ತಾರೆ? ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯ ಒಂದು ಹಳೆ ಟಾಕೀಸಿನಲ್ಲಿ ಹದಿನೇಳು ವರ್ಷ ಬುಕಿಂಗ್‌ನಲ್ಲಿ ಕೂತವನು. ಆ ಟಾಕೀಸು ಈಗ ಇಲ್ಲ, ಇರಲಿ. ಪ್ರತಿ ಆಟ ಮುಗಿದ ಮೇಲೆ ಡಿಸಿಆರ್ ಬರೆಯಬೇಕಿತ್ತು, ಅಂದರೆ ದಿನದ ಕಲೆಕ್ಷನ್ ಲೆಕ್ಕ. ಕಾರ್ಬನ್ ಇಟ್ಟು ಮೂರು ಪ್ರತಿ. ಬಾಲ್ಕನಿ ಎಷ್ಟು, ಗಾಂಧಿ ಕ್ಲಾಸ್ ಎಷ್ಟು, ಯಾವ ನಂಬರಿನಿಂದ ಯಾವ ನಂಬರಿನವರೆಗೆ ಟಿಕೆಟ್ ಹರಿದಿದೆ, ಎಲ್ಲವೂ. ವಿತರಕರ ಕಡೆಯಿಂದ ಒಬ್ಬ ರೆಪ್ ಬಂದು ಪಕ್ಕದಲ್ಲೇ ಕೂತಿರುತ್ತಿದ್ದ. ಇಂಟರ್‌ವಲ್‌ನಲ್ಲಿ ಗಿರ್ಮಿಟ್ ತಿಂದು, ಅದೇ ಎಣ್ಣೆ ಕೈಯಲ್ಲಿ ಟಿಕೆಟ್ ಬುಕ್ಕಿನ ಹಾಳೆ ಎಣಿಸುತ್ತಿದ್ದ. ಹಳದಿ ಹಾಳೆಗಳ ಮೇಲೆಲ್ಲ ಬೆರಳಿನ ಗುರುತು. ಹೌಸ್‌ಫುಲ್ ಬೋರ್ಡ್ ಹಾಕಿದ ದಿನ ನಾವು ಖುಷಿಯಾಗಿದ್ದರೆ ಆತ ಮಾತ್ರ, ‘ಗಲ್ಲಾ ತುಂಬೇತಿ ಅಂತ ಕುಣೀಬ್ಯಾಡ್ರಿ, ಅದರಾಗ ನಮ್ಮವು ಎಷ್ಟು ಅನ್ನೋದನ್ನ ಹೇಳ್ರಿ’ ಅನ್ನುತ್ತಿದ್ದ.

ನಿಮ್ಮ ಸುದ್ದಿಯಲ್ಲಿ ಯಾರೂ ಕೇಳದೇ ಬಿಟ್ಟ ಪ್ರಶ್ನೆ ಅದೇ.

ಆಗ ಕನ್ನಡ ಚಿತ್ರಕ್ಕೆ ಮನರಂಜನಾ ತೆರಿಗೆ ಇರಲಿಲ್ಲ, ಪರಭಾಷೆಯದಕ್ಕೆ ಇತ್ತು. ಹಾಗಾಗಿ ಒಂದೇ ಟಾಕೀಸು, ಒಂದೇ ಹೌಸ್‌ಫುಲ್, ಆದರೂ ಉಳಿಯುವ ರೊಕ್ಕ ಬೇರೆ ಬೇರೆ. ಈಗ ಎಲ್ಲಕ್ಕೂ ಜಿಎಸ್‌ಟಿ. 100 ರೂಪಾಯಿಗಿಂತ ಜಾಸ್ತಿ ಇರುವ ಟಿಕೆಟ್‌ಗೆ ಶೇ 18. ಮಾಲ್‌ನಲ್ಲಿ ನೀವು 236 ರೂಪಾಯಿ ಕೊಟ್ಟರೆ ಅಷ್ಟೂ ಗ್ರಾಸ್. 36 ಸರ್ಕಾರಕ್ಕೆ ಹೋಗಿ 200 ನೆಟ್. ಮೊದಲ ವಾರ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿನವರಿಗೆ, ವಾರ ಕಳೆದಂತೆ ಅವರ ಪಾಲು ಜಾಸ್ತಿ ಆಗುತ್ತಾ ಹೋಗುತ್ತದೆ. ಮಿಕ್ಕ 100 ರೂಪಾಯಿಗೆ ಷೇರ್ ಅಂತಾರೆ. ಅದರಲ್ಲೂ ವಿತರಕರ ಕಮಿಷನ್, ಪೋಸ್ಟರ್, ಪ್ರಚಾರ ಕಳೆಯಬೇಕು.

ಸುಮ್ನೆ ಲೆಕ್ಕಕ್ಕೆ, 300 ಕೋಟಿ ಹಾಕಿದ ಚಿತ್ರ 600 ಕೋಟಿ ಗ್ರಾಸ್ ಮಾಡಿತು ಅಂದುಕೊಳ್ಳಿ. ಶೇ 18ರ ತೆರಿಗೆ ಕಳೆದರೆ 508 ಕೋಟಿ. ಅರ್ಧ ಮಾಡಿದರೆ 254. ಅಂದರೆ ಥಿಯೇಟರ್ ಲೆಕ್ಕದಲ್ಲಿ ಇನ್ನೂ 46 ಕೋಟಿ ಬರಬೇಕಿದೆ. ನೀವು ಮಾತ್ರ 300 ಕೋಟಿ ಲಾಭ ಅಂತ ಬರೆದುಬಿಡುತ್ತೀರಿ!

ಇದು ನಮ್ಮ ಕಡೆಯ ರಗಳೆ ಮಾತ್ರ ಅಲ್ಲ. ಹಾಲಿವುಡ್‌ನಲ್ಲಿ 2012ರಲ್ಲಿ ‘ಜಾನ್ ಕಾರ್ಟರ್’ ಅಂತ ಒಂದು ಚಿತ್ರ ಬಂತು, ಮಂಗಳ ಗ್ರಹದ ಕಥೆ. ಖರ್ಚು 25 ಕೋಟಿ ಡಾಲರ್ ದಾಟಿತ್ತು, ಜಗತ್ತಿನಾದ್ಯಂತ ಗ್ರಾಸ್ 28 ಕೋಟಿ ಡಾಲರ್. ನಿಮ್ಮ ಲೆಕ್ಕದಲ್ಲಿ ಅದೂ ಗೆದ್ದ ಚಿತ್ರವೇ ಅಲ್ವಾ? ಆದರೆ ಚಿತ್ರ ಮಾಡಿದ ಡಿಸ್ನಿಯವರೇ ಸುಮಾರು 20 ಕೋಟಿ ಡಾಲರ್ ನಷ್ಟ ಅಂತ ಹೇಳಿಕೊಂಡರು. ಮುಂದಿನ ತಿಂಗಳೇ ಅಲ್ಲಿನ ಸ್ಟುಡಿಯೊ ಮುಖ್ಯಸ್ಥರು ಕುರ್ಚಿ ಬಿಟ್ಟರು. ಅಮೆರಿಕದಲ್ಲೂ ಟಿಕೆಟ್ ದುಡ್ಡಿನ ಹೆಚ್ಚುಕಡಿಮೆ ಅರ್ಧ ಥಿಯೇಟರಿಗೇ ಹೋಗುತ್ತದೆ, ಚೀನಾದಲ್ಲಂತೂ ಹೊರಗಿನ ಚಿತ್ರದವರಿಗೆ ಸಿಗುವುದು ನೂರಕ್ಕೆ 25ರಷ್ಟು. ಮೇಲೆ ಪ್ರಚಾರದ ಖರ್ಚು. ಬಜೆಟ್ ಅಂತ ಪೇಪರಿನಲ್ಲಿ ಬರುವ ಅಂಕಿಯಲ್ಲಿ ಸಾಮಾನ್ಯವಾಗಿ ಪ್ರಚಾರದ ಖರ್ಚು ಸೇರಿರುವುದೇ ಇಲ್ಲ. ಅದಕ್ಕೇ ಹಾಲಿವುಡ್ ಧಂದೆಯವರು ಸಾಮಾನ್ಯವಾಗಿ ಬಜೆಟ್‌ನ ಎರಡೂವರೆ ಪಟ್ಟು ಗ್ರಾಸ್ ಬರುವವರೆಗೆ ಲಾಭದ ಮಾತೇ ಎತ್ತುವುದಿಲ್ಲ.

ವೈಜ್ಞಾನಿಕ ಚಿತ್ರದಲ್ಲಿ ಇನ್ನೊಂದು ಪೇಚು. ಶೂಟಿಂಗ್ ಮುಗಿದರೂ ಖರ್ಚು ಮುಗಿಯುವುದಿಲ್ಲ. ಅಸಲು ಕೆಲಸ, ಗ್ರಾಫಿಕ್ಸ್, ಬಹುಪಾಲು ನಡೆಯುವುದೇ ಆಮೇಲೆ. ಬಿಡುಗಡೆ ಆರು ತಿಂಗಳು ಮುಂದೆ ಹೋದರೆ ಸಾಲದ ಬಡ್ಡಿ ಬೆಳೆಯುತ್ತಾ ಕೂತಿರುತ್ತದೆ. ಹಾಗಂತ ಎಲ್ಲವೂ ಮುಳುಗುತ್ತವೆ ಅಂತ ಅಲ್ಲ. 2009ರ ‘ಅವತಾರ್’ ಸುಮಾರು 23.7 ಕೋಟಿ ಡಾಲರ್‌ನಲ್ಲಿ ಮಾಡಿದ್ದು ಅಂತ ಲೆಕ್ಕ, ಮತ್ತೆ ಮತ್ತೆ ಬಿಡುಗಡೆಯಾಗಿ 290 ಕೋಟಿ ಡಾಲರ್ ದಾಟಿದೆ. ಅಲ್ಲಿ ಯಾರು ಎಷ್ಟೇ ಕಳೆದರೂ ಲಾಭವೇ. ಅದೇ ವರ್ಷ ಬಂದ ‘ಡಿಸ್ಟ್ರಿಕ್ಟ್ 9’ ಬರೀ 3 ಕೋಟಿ ಡಾಲರಿನದು, 21 ಕೋಟಿ ಗ್ರಾಸ್ ಮಾಡಿತು. ಬುಕಿಂಗ್‌ನಲ್ಲಿ ಕೂತವನ ಕಣ್ಣಿಗೆ ನಿಜವಾದ ಜಾಣತನ ಅಂದರೆ ಅದು.

ಡಾಲರ್ ವಿಷಯ ಬಂತಲ್ಲ, ಅಲ್ಲೂ ಒಂದು ಎಡವಟ್ಟು. 2009ರ ಕೊನೆಗೆ ಡಾಲರ್‌ಗೆ 50 ರೂಪಾಯಿ ಒಳಗೇ ಇತ್ತು. ‘ಅವತಾರ್’ ಖರ್ಚು ಆಗಿನ ದರದಲ್ಲಿ ಸುಮಾರು 1100 ಕೋಟಿ ರೂಪಾಯಿ. ಈಗಿನ ದರ ಹಿಡಿದರೆ 2000 ಕೋಟಿ ದಾಟುತ್ತದೆ. ಯಾವ ದರ ಹಿಡಿದಿರಿ ಅಂತ ಒಂದು ಸಾಲು ಬರೆಯಲು ಏನು ತೊಂದರೆ?

ಒಟಿಟಿ, ಟಿವಿ ಹಕ್ಕು ಮಾರಿದ್ದು ಬೇರೆ ಬರುತ್ತಲ್ಲ ಅಂತ ನೀವು ಕೇಳಬಹುದು. ಬರುತ್ತದೆ, ಎಷ್ಟೋ ಚಿತ್ರಗಳನ್ನು ಉಳಿಸುವುದೇ ಅದು. ನಾನೇನೂ ಆ ಚಿತ್ರ ನಷ್ಟದಲ್ಲಿದೆ ಅನ್ನುತ್ತಿಲ್ಲ. ಲಾಭ ಎಲ್ಲಿಂದ ಬಂತು ಅಂತ ಹೇಳದೆ ಟಿಕೆಟ್ ಗ್ರಾಸ್‌ನಿಂದ ಬಜೆಟ್ ಕಳೆದು ಲಾಭ ಅಂತ ಬರೆದದ್ದಷ್ಟೇ ನನ್ನ ತಕರಾರು. ಇನ್ನು ಮೇಲೆ ಅಂಕಿಯ ಪಕ್ಕ ಗ್ರಾಸೋ, ನೆಟ್ಟೋ, ಷೇರೋ ಅಂತ ಒಂದು ಪದ ಹಾಕಿ. ಅಂಕಿ ಕೊಟ್ಟವರು ಚಿತ್ರತಂಡದವರೇ ಆಗಿದ್ದರೆ ಅದನ್ನೂ ಹಾಕಿ. ಪೋಸ್ಟರಿನಲ್ಲಿ ಅವರು ಏನು ಬೇಕಾದರೂ ಬರೆದುಕೊಳ್ಳಲಿ, ಅದು ಅವರ ಪೋಸ್ಟರ್.

ಈ ಪತ್ರ ಅಚ್ಚಾದರೆ ಮೊದಲು ತಮ್ಮನ ಮಗನಿಗೆ ತೋರಿಸಬೇಕು.

ಇಂತಿ ನಿಮ್ಮ ಓದುಗ,
ಹಳೇ ಹುಬ್ಬಳ್ಳಿ