ಕಾಂಟೆಸಾ ಕಾರಿನ ರಿಸ್ಟೊರೇಷನ್ ಕೆಲಸದ ಲೋಪಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಹಳೆ ಕಾರುಗಳ ರಿಸ್ಟೊರೇಷನ್ ವಿಭಾಗ,
ಬೆಂಗಳೂರು

ವಿಷಯ: ಹಿಂದೂಸ್ತಾನ್ ಕಾಂಟೆಸಾ ಕ್ಲಾಸಿಕ್ 1.8 ಪೆಟ್ರೋಲ್ ಕಾರಿಗೆ ಮಾಡದ ಕೆಲಸಕ್ಕೆ ಬಿಲ್ ಮಾಡಿರುವುದು

ಮಾನ್ಯರೇ,

ಈ ಕಾರಿಗೆ ನೀವು ಮೊದಲು ಕೊಟ್ಟ ಅಂದಾಜು ₹4,20,000. ಕೊನೆಗೆ ಕೈಗೆ ಬಂದ ಬಿಲ್ ₹5,85,000. ಹಳೆ ಕಾರು ಬಿಚ್ಚಿದ ಮೇಲೆ ಖರ್ಚು ಏರುವುದು ಹೊಸದೇನಲ್ಲ. ತುಕ್ಕು ಎಲ್ಲಿಯವರೆಗೆ ತಿಂದಿದೆ ಅಂತ ಬಣ್ಣ ಕೆರೆದು ನೋಡುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಹೀಗಾಗಿ ಮೊತ್ತ ಏರಿದ್ದಕ್ಕೆ ತಕರಾರಿಲ್ಲ. ಬಿಲ್ಲಿನಲ್ಲಿ ಬರೆದ ಕೆಲಸ ಕಾರಿನಲ್ಲಿ ಕಾಣುತ್ತಿಲ್ಲ, ತಕರಾರು ಅದಕ್ಕೆ.

ಮೊದಲು ಟಿಂಕರಿಂಗ್. ‘ತುಕ್ಕು ಹಿಡಿದ ಭಾಗ ಕತ್ತರಿಸಿ ಹೊಸ ಶೀಟ್ ವೆಲ್ಡಿಂಗ್’ ಎಂದು ₹1,35,000 ಹಾಕಿದ್ದೀರಿ. ಮೊದಲ ಮಳೆಗಾಲದಲ್ಲೇ ಎಡಗಡೆ ಹಿಂದಿನ ಚಕ್ರದ ಕಮಾನಿನ ಮೇಲೆ ಬಣ್ಣ ಗುಳ್ಳೆ ಎದ್ದಿತು. ಬಣ್ಣದ ದಪ್ಪ ಅಳೆಯುವ ಮೀಟರು ರೂಫಿನ ಮೇಲೆ 280 ಮೈಕ್ರಾನ್ ತೋರಿಸುತ್ತದೆ. ಮರುಬಣ್ಣ ಹೊಡೆದ ಕಾರಿಗೆ ಅದು ಸರಿ. ಕಮಾನಿನ ಹತ್ತಿರ ಅದೇ ಮೀಟರು ತನ್ನ ಮಿತಿಯನ್ನೇ ದಾಟುತ್ತದೆ, ಆಯಸ್ಕಾಂತ ಇಟ್ಟರೆ ಜಾರಿ ಬೀಳುತ್ತದೆ. ಗುಳ್ಳೆಯ ಜಾಗದಲ್ಲಿ ಸ್ಕ್ರೂಡ್ರೈವರ್ ತಾಗಿಸಿದ್ದೇ ತಡ, ಅಂಗೈ ಅಗಲದ ಪುಟ್ಟಿ ಚಕ್ಕೆ ಕಳಚಿ ಬಂತು. ವರ್ನಿಯರ್‌ನಲ್ಲಿ ಅದರ ದಪ್ಪ 7 ಮಿ.ಮೀ. ಅದರ ಹಿಂದೆ ಶೀಟ್ ಇಲ್ಲ, ವೆಲ್ಡಿಂಗ್ ಗುರುತೂ ಇಲ್ಲ. ಇದ್ದದ್ದು ಮಡಚಿ ತುರುಕಿದ ಅಲ್ಯೂಮಿನಿಯಂ ಜಾಲರಿ, ಸುತ್ತ ಪುಡಿಪುಡಿ ತುಕ್ಕು.

ಪುಟ್ಟಿ ಹಾಕಲೇಬಾರದು ಅಂತ ಯಾರೂ ಹೇಳುವುದಿಲ್ಲ. ಆದರೆ ಅದು 2–3 ಮಿ.ಮೀ. ಒಳಗಿನ ಏರುಪೇರು ಸರಿಪಡಿಸಲಿಕ್ಕೆ ಇರುವುದು, ತೂತು ಮುಚ್ಚಲಿಕ್ಕಲ್ಲ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ. ವಾಟರ್ ಪೇಪರ್ ಉಜ್ಜಿದ ಮೇಲೆ ಚೆನ್ನಾಗಿ ಒಣಗಿಸದೆ ಪ್ರೈಮರ್ ಹೊಡೆದರೆ ಆ ತೇವ ಒಳಗೇ ಉಳಿದು ಗುಳ್ಳೆ ಏಳುತ್ತದೆ. ಇಲ್ಲಿ ಹಿಂಬದಿಯೂ ತೆರೆದೇ ಇತ್ತು, ಚಕ್ರ ಎರಚಿದ ನೀರು ನೇರವಾಗಿ ಪುಟ್ಟಿಗೇ ಹೋಗಿದೆ.

ಬಾಗಿಲ ಕೆಳಗಿನ ಸಿಲ್ ಭಾಗ ಇನ್ನೂ ಗಂಭೀರ. ವಾಕ್ಸ್‌ಹಾಲ್ ವಿಎಕ್ಸ್ ವಿನ್ಯಾಸದಿಂದ ಬಂದ ಕಾಂಟೆಸಾಗೆ ಪ್ರತ್ಯೇಕ ಚಾಸಿಸ್ ಇಲ್ಲ. ಸಿಲ್ಲುಗಳು, ಫ್ಲೋರ್ ಮತ್ತು ಪಿಲ್ಲರುಗಳೇ ಭಾರ ಹೊರುತ್ತವೆ. ನೀವು ಬಲಗಡೆ ಸಿಲ್ಲಿಗೆ ಪಾಪ್ ರಿವೆಟ್ ಹೊಡೆದು ತಗಡು ಕೂರಿಸಿ ಮೇಲೆ ಕಪ್ಪು ಅಂಡರ್‌ಕೋಟಿಂಗ್ ಬಳಿದಿದ್ದೀರಿ. ನೀರು ಇಳಿದುಹೋಗುವ ತೂತುಗಳೂ ಅದರಡಿ ಮುಚ್ಚಿಹೋಗಿವೆ. ಅಲ್ಲಿ ಜಾಕ್ ಕೊಟ್ಟರೆ ತಗಡು ಒಳಕ್ಕೆ ಕುಸಿಯುತ್ತದೆ, ಬಾಗಿಲ ಗ್ಯಾಪ್ ಬದಲಾಗುತ್ತದೆ. ಅಂಡರ್‌ಕೋಟಿಂಗ್ ಹೊಸದಾಗಿ ಫಳಫಳ ಎನ್ನುತ್ತಿದ್ದರೆ ಅನುಮಾನ ಪಡಬೇಕು ಎಂದು ಹಳೆ ಕಾರು ಕೊಳ್ಳುವವರಿಗೆ ಹೇಳುವುದು ಸುಮ್ಮನೆ ಅಲ್ಲ.

ಇನ್ನು ಎಂಜಿನ್. ಇಸುಝು 1817 ಸಿಸಿ ಎಂಜಿನ್ನಿನ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 84 ಮಿ.ಮೀ. ‘0.50 ಓವರ್‌ಸೈಜ್ ಬೋರಿಂಗ್, ಹೊಸ ಪಿಸ್ಟನ್, ರಿಂಗ್, ಬೇರಿಂಗ್’ ಎಂದು ₹92,000 ಬಿಲ್ ಇದೆ. ಎಂಜಿನ್ ಬಿಸಿಯಾದ ಮೇಲೆ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ತೆಗೆದ ನಾಲ್ಕು ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಹೀಗಿದೆ: 148, 145, 102, 140 ಪಿಎಸ್‌ಐ. ಮೂರನೆಯದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 135. ವಾಲ್ವ್ ಸೋರುತ್ತಿದ್ದರೆ ಆಯಿಲ್ ಬಿಟ್ಟರೂ ಅಂಕಿ ಹೀಗೆ ಏರುತ್ತಿರಲಿಲ್ಲ. ಇದು ರಿಂಗ್ ಮತ್ತು ಬೋರ್ ಸವೆತ. ಹೊಸ ರಿಂಗಿಗೆ ಈ ಗತಿ ಬರುವುದಿಲ್ಲ. ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿದಾಗ, ಬೋರಿಂಗ್ ಆದ ಮೇಲೆ ಗೋಡೆ ಉಜ್ಜುವ ಹೋನಿಂಗ್‌ನ ಅಡ್ಡಗೀರುಗಳು ಎಲ್ಲೂ ಕಾಣಲಿಲ್ಲ, ಬೋರಿನ ಮೇಲಂಚಿನಲ್ಲಿ ಹಳೆ ಸವೆತದ ಏಣು ಹಾಗೇ ಇದೆ. ಓವರ್‌ಸೈಜ್ ಪಿಸ್ಟನ್ ತಲೆಯ ಮೇಲೆ ಸಾಮಾನ್ಯವಾಗಿ ಅಳತೆ ಕೊರೆದಿರುತ್ತದೆ. ಇಲ್ಲಿ ಗಟ್ಟಿ ಕಾರ್ಬನ್ ಪದರ ಬಿಟ್ಟರೆ ಬೇರೇನೂ ಇಲ್ಲ. ಎಂಜಿನ್ ತಳದ ಆಯಿಲ್ ಚೇಂಬರಿನ ಬೋಲ್ಟುಗಳ ಸುತ್ತ ವರ್ಷಗಳ ಜಿಡ್ಡು ಕದಲಿಲ್ಲ. ಚೇಂಬರ್ ಬಿಚ್ಚದೆ ಬೇರಿಂಗ್ ಹೇಗೆ ಬದಲಾಯಿತು?

‘ಪಾರ್ಟ್ಸ್ ಜಪಾನಿನಿಂದ ತರಿಸಬೇಕಾಯಿತು’ ಎಂದು ವಾಟರ್ ಪಂಪ್, ಕ್ಲಚ್ ಪ್ಲೇಟ್, ಟೈಮಿಂಗ್ ಚೈನ್ ಸೆಟ್ಟಿಗೆ ₹41,500 ಹಾಕಿದ್ದೀರಿ, ಆಮದು ರಸೀದಿ ಮಾತ್ರ ಇಲ್ಲ. ಇದೇ ಎಂಜಿನ್ನನ್ನು ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್ 1800 ಐಎಸ್‌ಝಡ್‌ಗೂ ಕೂರಿಸಿತ್ತು. ಎಂಜಿನ್ನಿನ ಮಾಮೂಲಿ ಸಾಮಾನುಗಳನ್ನು ಮೊದಲು ಆ ಲೆಕ್ಕದಲ್ಲೇ ವಾಹನದ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬೇಕು. ಕಾಂಟೆಸಾಗೆ ನಿಜವಾಗಿ ಸಿಗದ್ದು ಗ್ಲಾಸ್ ಬೀಡಿಂಗ್, ಹಿಂದಿನ ಲೈಟ್, ಬಂಪರ್, ಬಾಡಿ ಪ್ಯಾನೆಲ್. ಅವುಗಳಿಗೆ ಹೆಚ್ಚು ಕೊಡಬೇಕಾಗಿ ಬಂದರೆ ಅರ್ಥವಿದೆ.

ಥರ್ಮೋಸ್ಟಾಟ್ ತೆಗೆದು ಖಾಲಿ ಹೌಸಿಂಗ್ ಮುಚ್ಚಿದ್ದೀರಿ. ‘ಬೆಂಗಳೂರು ಟ್ರಾಫಿಕ್ಕಿಗೆ ಅದು ಬೇಡ ಸಾರ್’ ಎಂಬ ಉತ್ತರವೂ ಸಿಕ್ಕಿದೆ. ಸುಮಾರು 82 ಡಿಗ್ರಿಗೆ ತೆರೆದುಕೊಂಡ ಮೇಲೆ ಥರ್ಮೋಸ್ಟಾಟ್ ನೀರನ್ನು ತಡೆಯುವುದಿಲ್ಲ. ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಮುಳುಗಿಸಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಕಾರು ಹೀಟ್ ಆಗುತ್ತಿದ್ದದ್ದಕ್ಕೆ ಕಾರಣ ರೇಡಿಯೇಟರ್ ಕೋರ್ ಕಟ್ಟಿಕೊಂಡಿರುವುದು, ಫ್ಯಾನಿನ ಸುತ್ತಲ ಶ್ರೌಡ್ ಇಲ್ಲದಿರುವುದು. ಅವೆರಡನ್ನೂ ನೀವು ಮುಟ್ಟಿಲ್ಲ. ಈಗ ಜಾಮಿನಲ್ಲಿ ಸೂಜಿ ಮೇಲೇರುತ್ತದೆ, ಹೈವೇಯಲ್ಲಿ ಬಿಸಿಯೇ ಆಗುವುದಿಲ್ಲ. ತಣ್ಣನೆಯ ಎಂಜಿನ್ನಿನಲ್ಲಿ ಆವಿಯಾಗದ ಪೆಟ್ರೋಲ್ ಬೋರಿನ ಗೋಡೆಯ ಆಯಿಲ್ ತೊಳೆದು ಚೇಂಬರಿಗೆ ಇಳಿಯುತ್ತದೆ. ಮೂರನೇ ಸಿಲಿಂಡರಿನಂತೆ ಉಳಿದವೂ ಸವೆಯಲು ಇಷ್ಟು ಸಾಕು.

ತಕ್ಷಣ ಸರಿಪಡಿಸಬೇಕಾದದ್ದು ಪೆಟ್ರೋಲ್ ಪೈಪ್. ಬಂಕುಗಳಲ್ಲಿ ಈಗ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ನೀವು ಹಾಕಿರುವ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಈಗಾಗಲೇ ಗಡುಸಾಗಿದೆ, ಕಾರ್ಬ್ಯುರೇಟರ್ ತುದಿಯಲ್ಲಿ ಬೆವರುತ್ತಿದೆ. ಎಥನಾಲ್ ತಡೆಯುವ ಎಸ್‌ಎಇ ಜೆ30 ಆರ್9 ದರ್ಜೆಯ ಹೋಸ್ ಮತ್ತು ಒಳ್ಳೆಯ ಕ್ಲಿಪ್ಪಿಗೆ ಲಕ್ಷಗಟ್ಟಲೆ ಬಿಲ್ಲಿನ ಮುಂದೆ ಏನೂ ಖರ್ಚಿಲ್ಲ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಮಾತ್ರ ಕಾರೇ ಹೋಗುತ್ತದೆ. ಹೆಡ್‌ಲೈಟಿಗೆ ರಿಲೇ ಇಲ್ಲದೆ ಸ್ವಿಚ್ಚಿನಿಂದಲೇ ನೇರ ವೈರ್ ಎಳೆದಿರುವುದನ್ನೂ ಇದರ ಜೊತೆಗೇ ಸರಿಮಾಡಿ.

‘ಬೇಕಿದ್ದರೆ ಬೇರೆ ಎಂಜಿನ್ ಕೂರಿಸಿಕೊಡುತ್ತೇವೆ’ ಎಂಬ ಪರಿಹಾರ ಬೇಡ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯ ಎಂಜಿನ್ ನಂಬರ್ ತಾಳೆಯಾಗದಿದ್ದರೆ ನೋಂದಣಿ ನವೀಕರಣ ನಿಲ್ಲುತ್ತದೆ, ಮಾರುವಾಗ ಬೆಲೆಯೂ ಬೀಳುತ್ತದೆ. ‘ವಿಂಟೇಜ್ ನೋಂದಣಿ ಮಾಡಿಸಿದರೆ ಡಬಲ್ ರೇಟ್’ ಎಂಬ ಮಾತೂ ಬೇಡ: 2021ರ ನಿಯಮಕ್ಕೆ 50 ವರ್ಷ ದಾಟಿರಬೇಕು, ಕಾಂಟೆಸಾ ರಸ್ತೆಗೆ ಬಂದದ್ದೇ 1984ರಲ್ಲಿ. ಇಂಥ ಕಾರಿಗೆ ಬೆಲೆ ಕಟ್ಟುವವರು ಮೊದಲು ನೋಡುವುದು ಮೂಲ ಎಂಜಿನ್, ಗಟ್ಟಿ ಫ್ಲೋರ್, ಕ್ರಮಬದ್ಧ ಕಾಗದ. ಬಣ್ಣದ ಹೊಳಪು ಆಮೇಲೆ. 5 ವರ್ಷ ದಾಟಿದ ವಾಹನದ ವಿಮಾ ಮೌಲ್ಯ ಕಂಪನಿ ಮತ್ತು ಮಾಲೀಕರ ಒಪ್ಪಂದದ ಮೇಲೆ ನಿಂತಿರುವುದರಿಂದ, ಬರಿ ಲೋಹದ ಹಂತದ ಫೋಟೊಗಳಿಗೆ ಅಲ್ಲೂ ಬೆಲೆಯಿದೆ. ಅವನ್ನು ಕೇಳಿದಾಗ ನೀವು ಕೊಟ್ಟದ್ದು ಪಾಲಿಶ್ ಆದ ಮೇಲಿನ ಫೋಟೊ.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ:

ಹಿಂದಿನ ಎರಡೂ ಚಕ್ರದ ಕಮಾನು ಮತ್ತು ಬಲ ಸಿಲ್ ಬಿಚ್ಚಿ, ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ, 0.9 ಮಿ.ಮೀ. ದಪ್ಪದ ಉಕ್ಕಿನ ಸಿಆರ್‌ಸಿಎ ಶೀಟ್ ಮಿಗ್ ವೆಲ್ಡಿಂಗ್ ಮಾಡಬೇಕು. ಶೀಟ್ ಸೊಟ್ಟಗಾಗದಂತೆ ಚುಕ್ಕೆಚುಕ್ಕೆಯಾಗಿ, ಜಾಗ ಬದಲಿಸುತ್ತ ಹಾಕಬೇಕು. ಆಮೇಲೆ ಸೀಮ್ ಸೀಲರ್, ಎರಡು ಕೋಟ್ ಎಪಾಕ್ಸಿ ಪ್ರೈಮರ್, ಸಿಲ್ ಒಳಗೆ ಕ್ಯಾವಿಟಿ ವ್ಯಾಕ್ಸ್. ಎಪಾಕ್ಸಿ ಹೊಡೆಯುವ ಮೊದಲು ನೋಡಲು ಕರೆಯಬೇಕು.

ಎಂಜಿನ್ ಬಾಬ್ತು ₹92,000 ವಾಪಸ್ ಕೊಡಬೇಕು. ಬೋರಿಂಗ್ ಆಗಿದೆ ಎನ್ನುವುದಾದರೆ ಲೇತ್ ವರ್ಕ್ಸ್‌ನ ಅಳತೆ ಚೀಟಿ, ಬಿಲ್, ತೆಗೆದ ಹಳೆ ಪಿಸ್ಟನ್‌ಗಳನ್ನು ತೋರಿಸಿ. ‘ಆಮದು’ ಸಾಮಾನುಗಳಿಗೆ ರಸೀದಿ ಕೊಡಿ, ಇಲ್ಲವೇ ಇಲ್ಲಿನ ಮಾರುಕಟ್ಟೆ ದರಕ್ಕಿಂತ ಹೆಚ್ಚು ಪಡೆದದ್ದನ್ನು ಹಿಂದಿರುಗಿಸಿ. ಥರ್ಮೋಸ್ಟಾಟ್, ರೇಡಿಯೇಟರ್ ರಾಡಿಂಗ್ (ಕಟ್ಟಿಕೊಂಡ ಕೋರ್ ಶುಚಿ ಮಾಡುವುದು), ಶ್ರೌಡ್, ಪೆಟ್ರೋಲ್ ಹೋಸ್, ರಿಲೇ ಕೆಲಸಕ್ಕೆ ಮಜೂರಿ ಕೇಳಬಾರದು.

ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸಲ್ಲಿಸಲಾಗುವುದು. ಕಂಪ್ರೆಷನ್ ವರದಿ, ಕ್ಯಾಮೆರಾ ಚಿತ್ರಗಳು ಮತ್ತು ಬಿಲ್ಲಿನ ಪ್ರತಿ ಜೊತೆಗಿವೆ. ಕಳಚಿದ ಪುಟ್ಟಿ ಚಕ್ಕೆಯನ್ನು ಹಾಗೇ ಇಟ್ಟಿದೆ. ನಿಮ್ಮ ಟಿಂಕರ್ ಬಂದು ನೋಡಬಹುದು.

ಇಂತಿ,
ಕಾರಿನ ಮಾಲೀಕ